ಕಿಲ್ನ್ ನಿಲ್ಲಬಾರದು: ಸಿಮೆಂಟ್ ಫ್ಯಾಕ್ಟರಿಯ ಕಲ್ಲಿದ್ದಲು ಪವರ್ ಪ್ಲಾಂಟ್‌ನಲ್ಲಿ ಶಿಫ್ಟ್ ನಡೆಸುವುದು ಹೇಗೆ

ಸೇಡಂ, ಮಳಖೇಡ, ವಾಡಿ, ಚಿತ್ತಾಪುರ. ಕಲಬುರಗಿ ಜಿಲ್ಲೆಯ ಈ ಕಡೆ ರಾತ್ರಿ ರೈಲಿನಲ್ಲಿ ಹೋದವರಿಗೆ ದೂರದಿಂದಲೇ ದೀಪ ಹಚ್ಚಿದ ಎತ್ತರದ ಗೋಪುರಗಳು ಕಾಣುತ್ತವೆ. ಅವು ಸಿಮೆಂಟ್ ಫ್ಯಾಕ್ಟರಿಗಳ ಪ್ರೀಹೀಟರ್‌ಗಳು, ಕಲ್ಲಿನ ಪುಡಿಯನ್ನು ಮೊದಲೇ ಕಾಯಿಸುವ ಗೋಪುರಗಳು. ಆಸುಪಾಸಿನಲ್ಲೇ ಇನ್ನೊಂದು ಚಿಮಣಿ ನಿಂತಿರುತ್ತದೆ, ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಫ್ಯಾಕ್ಟರಿ ತನ್ನ ಬಳಕೆಗೇ ಕಟ್ಟಿಕೊಂಡ ಕಲ್ಲಿದ್ದಲಿನ ಪವರ್ ಪ್ಲಾಂಟ್. ಅಲ್ಲಿ ಎಲ್ಲರ ಬಾಯಲ್ಲೂ ಅದು ಸಿಪಿಪಿ, ಅಂದರೆ ಕ್ಯಾಪ್ಟಿವ್ ಪವರ್ ಪ್ಲಾಂಟ್.

ಡಿಪ್ಲೊಮಾನೋ ಬಿಇನೋ ಮುಗಿಸಿ ಮೊದಲ ಸಲ ಸಿಪಿಪಿ ಕಂಟ್ರೋಲ್ ರೂಮಿನಲ್ಲಿ ಕೂರುವವರಿಗೆ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಥರ್ಮಲ್ ಸ್ಟೇಷನ್‌ನಿಂದ ಬಂದವರಿಗೂ ಉಪಯೋಗ ಆಗಬಹುದು, ಯಾಕೆಂದರೆ ಅಲ್ಲಿನ ಅಭ್ಯಾಸ ಇಲ್ಲಿ ಕೆಲವು ಸಲ ಕೈ ಕೊಡುತ್ತದೆ. ಮ್ಯಾನುಯಲ್‌ನಲ್ಲಿ ಇರುವುದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಇಲ್ಲಿ ಕೊಡುವ ಅಂಕಿಗಳು ಅಂದಾಜು ಹಿಡಿಯಲು ಮಾತ್ರ. ನಿಮ್ಮ ಪ್ಲಾಂಟಿನ ಲಿಖಿತ ಸೂಚನೆ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಮೊದಲು ಪಕ್ಕದ ಕಿಲ್ನ್ ನೋಡಿ ಬನ್ನಿ

ಹೊಸಬರು ಬಂದ ದಿನವೇ ಬಾಯ್ಲರ್ ಹತ್ತುತ್ತಾರೆ, ಟರ್ಬೈನ್ ಮುಟ್ಟಿ ನೋಡುತ್ತಾರೆ. ನಾನು ಹೇಳುವುದು, ಮೊದಲ ವಾರದಲ್ಲೇ ಒಂದು ದಿನ ಬಿಡುವು ಮಾಡಿಕೊಂಡು ಕಿಲ್ನ್, ಅಂದರೆ ಸಿಮೆಂಟಿನ ತಿರುಗುವ ಕುಲುಮೆಯ ಹತ್ತಿರ ಹೋಗಿ ಅರ್ಧ ಗಂಟೆ ನಿಲ್ಲಿ. 60-70 ಮೀಟರ್ ಉದ್ದದ ಉಕ್ಕಿನ ಕೊಳವೆ, ಒಳಗೆ ಇಟ್ಟಿಗೆ ಲೈನಿಂಗ್, ಆ ಇಟ್ಟಿಗೆಯ ಒಳಗೆ ಸುಮಾರು 1450 ಡಿಗ್ರಿಯಲ್ಲಿ ಸುಣ್ಣದ ಕಲ್ಲಿನ ಪುಡಿ ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಉಂಡೆ) ಆಗುತ್ತಿರುತ್ತದೆ. ಇಡೀ ಕೊಳವೆ ರೋಲರ್‌ಗಳ ಮೇಲೆ ಕೂತು ತಿರುಗುತ್ತಲೇ ಇರುತ್ತದೆ. ಬಿಸಿ ಇರುವಾಗ ಅದು ನಿಂತರೆ ಏನಾಗುತ್ತದೆ? ಒಳಗಿನ ಮಾಲೆಲ್ಲ ಕೆಳಗಡೆ ಕೂರುತ್ತದೆ, ಒಂದು ಮಗ್ಗುಲು ಜಾಸ್ತಿ ಕಾಯುತ್ತದೆ, ಇನ್ನೊಂದು ಮಗ್ಗುಲು ಬೇಗ ಆರುತ್ತದೆ, ಶೆಲ್ ಬಾಗುತ್ತದೆ. ಬಾಗಿದರೆ ಇಟ್ಟಿಗೆ ಸಡಿಲಾಗಿ ಉದುರುತ್ತದೆ. ಅದಕ್ಕೇ ಮುಖ್ಯ ಮೋಟರ್‌ಗೆ ಕರೆಂಟ್ ಹೋದರೂ ನಿಧಾನವಾಗಿ ತಿರುಗಿಸಲು ಒಂದು ಸಣ್ಣ ಡ್ರೈವ್ ಇಟ್ಟಿರುತ್ತಾರೆ, ಡೀಸೆಲ್ ಎಂಜಿನ್‌ನದೋ ಡಿಜಿ ಸೆಟ್‌ನದೋ ಶಕ್ತಿಯಲ್ಲಿ.

ನಿಂತ ಕಿಲ್ನ್ ಮತ್ತೆ ಶುರು ಆಗಲು ಸ್ವಿಚ್ ಹಾಕಿದರೆ ಸಾಲದು. ತಣ್ಣಗಾಗಿದ್ದರೆ ಇಟ್ಟಿಗೆ ಒಡೆಯದ ಹಾಗೆ ಮೆಲ್ಲಗೆ ಕಾಯಿಸಬೇಕು. ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಷ್ಟು ಹೊತ್ತು ಇಂಧನ ಉರಿಯುತ್ತಲೇ ಇರುತ್ತದೆ, ಕ್ಲಿಂಕರ್ ಮಾತ್ರ ಬರುವುದಿಲ್ಲ.

ಹಾಗಾಗಿ ನಮ್ಮ ಕೆಲಸ ಮೆಗಾವ್ಯಾಟ್ ಲೆಕ್ಕ ತುಂಬಿಸುವುದಲ್ಲ, ಆ ಕಿಲ್ನ್ ತಿರುಗುತ್ತಿರುವ ಹಾಗೆ ನೋಡಿಕೊಳ್ಳುವುದು. ಕಲ್ಲಿದ್ದಲು ಬೆರೆಸುವುದರಿಂದ ಹಿಡಿದು ಬ್ಯಾಟರಿ ಪರೀಕ್ಷೆ ಮಾಡುವವರೆಗೆ ಎಲ್ಲ ನಿರ್ಧಾರಕ್ಕೂ ಇದೇ ಅಳತೆಗೋಲು.

ಲೆಕ್ಕ ಒಮ್ಮೆ ಕೈಯಲ್ಲೇ ಹಾಕಿ

ಯಾವ ಪ್ಲಾಂಟಿಗೆ ಹೋದರೂ ಮೊದಲು ಒಂದು ಹಾಳೆ ತೆಗೆದುಕೊಂಡು ಈ ಲೆಕ್ಕ ಹಾಕಿ. ದಿನಕ್ಕೆ 5,000 ಟನ್ ಕ್ಲಿಂಕರ್ ತೆಗೆಯುವ ಒಂದು ಲೈನ್, ಅದಕ್ಕೆ 25 ಮೆಗಾವ್ಯಾಟ್‌ನ ಒಂದು ಮಷಿನ್ ಅಂದುಕೊಳ್ಳಿ. ಕಿಲ್ನ್, ಕ್ಲಿಂಕರ್ ಆರಿಸುವ ಕೂಲರ್, ದೊಡ್ಡ ಫ್ಯಾನ್‌ಗಳು ಸೇರಿ ಐದೂವರೆ ಮೆಗಾವ್ಯಾಟ್ ಹತ್ತಿರ. ಸುಣ್ಣದ ಕಲ್ಲು ಅರೆಯುವ ರಾ ಮಿಲ್ ಅಷ್ಟೇ ಎಳೆಯುತ್ತದೆ. ಕಿಲ್ನ್‌ಗೆ ಕಲ್ಲಿದ್ದಲು ಪುಡಿ ಮಾಡುವ ಕೋಲ್ ಮಿಲ್ ಒಂದು. ಸಿಮೆಂಟ್ ಮಿಲ್ ಏಳೂವರೆ. ಕ್ರಷರ್, ಪ್ಯಾಕಿಂಗ್, ಕಾಲೊನಿ ಎಲ್ಲ ಸೇರಿ ಎರಡು. ಒಟ್ಟು 22ರ ಆಸುಪಾಸು. ನಮ್ಮದೇ ಫ್ಯಾನು, ಪಂಪುಗಳು ಉತ್ಪಾದನೆಯ ಶೇಕಡ 8ರಿಂದ 10ರಷ್ಟನ್ನು ತಿಂದುಬಿಡುತ್ತವೆ. ಅಲ್ಲಿಗೆ ಮಷಿನ್ ತುಂಬಿತು, ಮಿಗುವುದು ಏನೂ ಇಲ್ಲ.

ಇನ್ನು ಕಲ್ಲಿದ್ದಲು. 25 ಮೆಗಾವ್ಯಾಟ್ 24 ಗಂಟೆ ಓಡಿದರೆ 6 ಲಕ್ಷ ಯೂನಿಟ್. ಇಂಥ ಸಣ್ಣ ಪ್ಲಾಂಟುಗಳಲ್ಲಿ ಯೂನಿಟ್ಟಿಗೆ 3,000 ಕಿಲೊಕ್ಯಾಲರಿ ಹಿಡಿಯಬಹುದು. ಕೆಜಿಗೆ 4,000 ಕಿಲೊಕ್ಯಾಲರಿ ಇರುವ ಕಲ್ಲಿದ್ದಲಾದರೆ ದಿನಕ್ಕೆ 450 ಟನ್. 58-59 ವ್ಯಾಗನ್‌ಗಳ ಒಂದು ರೇಕ್ ಬಂದರೆ ಹೆಚ್ಚುಕಡಿಮೆ 4,000 ಟನ್. ಅಂದರೆ ಒಂದು ರೇಕ್ ಎಂಟು ಒಂಬತ್ತು ದಿನದ ಊಟ. ಈ ಅಂಕಿ ತಲೆಯಲ್ಲಿದ್ದರೆ ಯಾರ್ಡ್‌ನಲ್ಲಿ ಗುಡ್ಡೆ ನೋಡಿದ ಕೂಡಲೇ ಎಷ್ಟು ದಿನಕ್ಕಾಗುತ್ತದೆ ಅಂತ ಅಂದಾಜು ಸಿಗುತ್ತದೆ. ರೇಕ್ ತಡವಾದಾಗ ಯಾರೋ ಹೇಳುವವರೆಗೆ ಕಾಯಬೇಕಾಗಿಲ್ಲ.

ಕಾನೂನಿನ ಒಂದು ಮಾತು ಇಲ್ಲೇ ಹೇಳಿ ಮುಗಿಸುತ್ತೇನೆ. 2003ರ ವಿದ್ಯುತ್ ಕಾಯ್ದೆ ಸ್ವಂತ ಬಳಕೆಗೆ ಪ್ಲಾಂಟ್ ಕಟ್ಟಿಕೊಳ್ಳಲು ಬಿಡುತ್ತದೆ. ಆದರೆ 2005ರ ನಿಯಮದ ಪ್ರಕಾರ ಮಾಲೀಕತ್ವದಲ್ಲಿ ಬಳಸುವವರ ಪಾಲು ಕನಿಷ್ಠ ಶೇಕಡ 26 ಇರಬೇಕು, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇಕಡ 51 ಅವರೇ ಬಳಸಬೇಕು. ಇಲ್ಲದಿದ್ದರೆ ಕ್ಯಾಪ್ಟಿವ್ ಅನ್ನುವ ಸ್ಥಾನವೇ ಹೋಗುತ್ತದೆ. ಶಿಫ್ಟ್‌ನವರಿಗೆ ಇದರಿಂದ ಏನು? ಮೀಟರ್ ರೀಡಿಂಗ್ ಸರಿಯಾದ ಹೊತ್ತಿಗೆ, ಸರಿಯಾಗಿ ಬರೆಯಿರಿ. ಆ ಲೆಕ್ಕ ನಿಂತಿರುವುದೇ ನಿಮ್ಮ ಲಾಗ್ ಪುಸ್ತಕದ ಮೇಲೆ.

ಕಲ್ಲಿದ್ದಲು: ಯಾರ್ಡ್‌ಗೆ ಹೋಗದೆ ಬಾಯ್ಲರ್ ನಡೆಸಬೇಡಿ

ಕಲಬುರಗಿ ಕಡೆಗೆ ಹತ್ತಿರದ ಗಣಿ ಅಂದರೆ ತೆಲಂಗಾಣದ ಸಿಂಗರೇಣಿ. ಅದರ ಜೊತೆಗೆ ಬಂದರಿನಿಂದ ಬರುವ ಆಮದು ಮಾಲು, ಪೆಟ್‌ಕೋಕ್ (ಎಣ್ಣೆ ಶುದ್ಧೀಕರಣದಲ್ಲಿ ಉಳಿಯುವ ಇಂಗಾಲ), ಹೀಗೆ ಬೆಲೆ ನೋಡಿಕೊಂಡು ಏನೇನೋ ಬರುತ್ತದೆ. ಕಾಗದದ ಮೇಲೆ ಜಿ-11 ದರ್ಜೆ ಅಂದರೆ ಕೆಜಿಗೆ 4,001ರಿಂದ 4,300 ಕಿಲೊಕ್ಯಾಲರಿ. ಕಾಗದದಲ್ಲಿ ಇರುವುದು ಬೆಲ್ಟ್ ಮೇಲೂ ಇರುತ್ತದೆ ಅಂದುಕೊಳ್ಳಬೇಡಿ. ಲ್ಯಾಬ್ ವರದಿ ಓದುವಾಗ ಒಂದು ವಿಷಯ ಗಮನಿಸಿ. ಗಾಳಿಗೆ ಒಣಗಿಸಿದ ಮಾದರಿಯ ಶಾಖದ ಅಂಕಿ ಬೇರೆ, ಬಂದ ಹಾಗೇ ಇರುವ ಒದ್ದೆ ಮಾಲಿನ ಅಂಕಿ ಬೇರೆ. ನಿಮ್ಮ ಬಾಯ್ಲರ್‌ಗೆ ಬೀಳುವುದು ಒದ್ದೆ ಮಾಲು. ಮಳೆಗಾಲದಲ್ಲಿ ಈ ಎರಡರ ನಡುವೆ ನೂರಾರು ಕಿಲೊಕ್ಯಾಲರಿ ವ್ಯತ್ಯಾಸ ಬರುತ್ತದೆ. ಅದನ್ನು ನೋಡದೆ, ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ಕೋಲ್ ಫೀಡರ್ ಯಾಕೆ ಇಷ್ಟು ಓಡುತ್ತಿದೆ ಅಂತ ತಲೆ ಕೆಡಿಸಿಕೊಳ್ಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ಬೇಸಿಗೆಯಲ್ಲಿ ಯಾರ್ಡ್‌ನ ತೊಂದರೆ ಬೆಂಕಿ. ಕಲ್ಲಿದ್ದಲು ಗುಡ್ಡೆ ತಾನಾಗಿಯೇ ಕಾಯುತ್ತದೆ. ಒಳಗೆ ಗಾಳಿ ಆಡಿದರೆ ಇನ್ನೂ ಬೇಗ. ಡೋಜರ್ ಓಡಿಸಿ ಪದರ ಪದರವಾಗಿ ಒತ್ತಿ ಕೂರಿಸಬೇಕು, ಮೊದಲು ಬಂದದ್ದನ್ನು ಮೊದಲು ಎತ್ತಬೇಕು. ಬೆಳಗಿನ ಶಿಫ್ಟ್‌ನಲ್ಲಿ ಒಂದು ಸುತ್ತು ಹೋಗಿ. ಮೂಗಿಗೆ ಸೀಮೆಎಣ್ಣೆಯಂಥ ವಾಸನೆ ಬಡಿದರೆ, ಗುಡ್ಡೆಯ ಪಕ್ಕ ಎಲ್ಲೋ ಒಂದು ಕಡೆ ಬಿಳಿ ಆವಿ ಎದ್ದರೆ, ಅಲ್ಲಿ ಉದ್ದನೆಯ ಥರ್ಮಾಮೀಟರ್ ಚುಚ್ಚಿ ನೋಡಿಸಿ. 60 ಡಿಗ್ರಿ ದಾಟಿದ್ದರೆ ಆ ಜಾಗ ಬಿಚ್ಚಬೇಕು ಅಂತ ಅರ್ಥ. ಮೇಲಿಂದ ನೀರು ಹೊಡೆದು ಸುಮ್ನೆ ಬಂದುಬಿಡಬೇಡಿ. ನೀರು ಒಳಗಿನ ಬೆಂಕಿಯವರೆಗೆ ಹೋಗುವುದಿಲ್ಲ, ತನಗೆ ಬೇಕಾದ ದಾರಿ ಕೊರೆದುಕೊಂಡು ಹರಿಯುತ್ತದೆ, ಆಮೇಲೆ ಅದೇ ದಾರಿಯಲ್ಲಿ ಗಾಳಿ ನುಗ್ಗುತ್ತದೆ. ಲೋಡರ್‌ನಿಂದ ಆ ಭಾಗ ತೆಗೆದು, ಬಯಲಲ್ಲಿ ತೆಳ್ಳಗೆ ಹರಡಿ, ಆರಿಸಿ, ಆಮೇಲೆ ಮೊದಲು ಅದನ್ನೇ ಉರಿಸಿ ಮುಗಿಸಿ. ಕೆಂಡ ಇರುವ ಮಾಲನ್ನು ಮಾತ್ರ ಬೆಲ್ಟ್ ಮೇಲೆ ಹಾಕಬಾರದು. ಬೆಲ್ಟ್ ಹತ್ತಿಕೊಂಡರೆ ಬಂಕರ್‌ವರೆಗೂ, ಅಂದರೆ ಬಾಯ್ಲರ್‌ನ ಕಲ್ಲಿದ್ದಲು ತೊಟ್ಟಿಯವರೆಗೂ ಬೆಂಕಿ ಹೋಗುತ್ತದೆ.

ಮಳೆಗಾಲದ ತೊಂದರೆ ಬೇರೆ. ಪುಡಿ ಜಾಸ್ತಿ ಇರುವ ಒದ್ದೆ ಕಲ್ಲಿದ್ದಲು ಹಿಟ್ಟು ಕಲಸಿದ ಹಾಗೆ ಆಗುತ್ತದೆ. ಬಂಕರ್‌ನಲ್ಲಿ ಕಮಾನು ಕಟ್ಟುತ್ತದೆ. ಮೇಲೆ ತುಂಬಿದ ಬಂಕರ್, ಕೆಳಗೆ ಫೀಡರ್ ಖಾಲಿ. ಒಣ ಮಾಲನ್ನು ಜೂನ್‌ಗೆ ಮುಂಚೆಯೇ ಶೆಡ್ ಒಳಗೆ ಕೂಡಿಡಿ, ಮಳೆ ಬಂದ ದಿನ ಅದನ್ನು ಒದ್ದೆಯದರ ಜೊತೆ ಬೆರೆಸಿ. ಮಳೆಗಾಲದ ರಾತ್ರಿ ಪಾಳಿಯಲ್ಲಿ ಎಲ್ಲ ಬಂಕರ್‌ಗಳಿಗೂ ಒಂದೇ ಮಾಲು ತುಂಬಬೇಡಿ, ಕನಿಷ್ಠ ಒಂದರಲ್ಲಾದರೂ ಒಣ ಮಾಲು ಇರಲಿ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಬಂಕರ್ ಕಟ್ಟಿಕೊಂಡಾಗ ಒಳಗೆ ಯಾರನ್ನೂ ಇಳಿಸಬೇಡಿ. ಮೇಲೆ ಗಟ್ಟಿಯಾಗಿ ಕಾಣುವ ಕಲ್ಲಿದ್ದಲಿನ ಕೆಳಗೆ ಟೊಳ್ಳು ಇರುತ್ತದೆ. ಕಾಲಿಟ್ಟವರು ಕುಸಿದು ಹೂತುಹೋಗುತ್ತಾರೆ, ಎಳೆದು ತೆಗೆಯುವಷ್ಟು ಸಮಯ ಸಿಗುವುದಿಲ್ಲ. ಕಾಯುತ್ತಿರುವ ಕಲ್ಲಿದ್ದಲಿನಿಂದ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಬೇರೆ ಬರುತ್ತಿರುತ್ತದೆ. ಹೊರಗಿನಿಂದ ಚುಚ್ಚುವ ಕಿಂಡಿ ಇರುತ್ತದೆ, ಏರ್ ಬ್ಲಾಸ್ಟರ್ ಇರುತ್ತದೆ, ವೈಬ್ರೇಟರ್ ಇರುತ್ತದೆ. ಅದರಲ್ಲಿ ಆಗಲಿಲ್ಲವಾ, ಲೋಡ್ ಇಳಿಸಿ. ಗುತ್ತಿಗೆ ಹುಡುಗರು ಪಾಪ, ಸಾಹೇಬರು ಹೇಳಿದರು ಅಂತ ಇಳಿದುಬಿಡುತ್ತಾರೆ. ಹೇಳದೇ ಇರುವ ಜವಾಬ್ದಾರಿ ನಿಮ್ಮದು.

ಬಾಯ್ಲರ್: ಬೆಡ್ ಮತ್ತು ಡ್ರಮ್

ಸಿಮೆಂಟ್ ಫ್ಯಾಕ್ಟರಿಯ ಸಿಪಿಪಿಗಳಲ್ಲಿ ಜಾಸ್ತಿ ಇರುವುದು ಫ್ಲೂಯಿಡೈಸ್ಡ್ ಬೆಡ್ ಬಾಯ್ಲರ್, ಎಎಫ್‌ಬಿಸಿ ಇಲ್ಲವೇ ಸಿಎಫ್‌ಬಿಸಿ ಅನ್ನುವ ಎರಡು ಬಗೆಯವು. ಕೆಳಗಿನಿಂದ ಗಾಳಿ ಊದಿದಾಗ ಮರಳಿನಂಥ ಬೆಡ್ ಕುದಿಯುವ ಅನ್ನದ ಹಾಗೆ ಎದ್ದು ಆಡುತ್ತದೆ, ಅದರಲ್ಲಿ ಕಲ್ಲಿದ್ದಲು ಉರಿಯುತ್ತದೆ. ಕಳಪೆ ಕಲ್ಲಿದ್ದಲನ್ನೂ ಉರಿಸುತ್ತದೆ ಅನ್ನುವುದೇ ಇದರ ದೊಡ್ಡ ಗುಣ.

ಬೆಡ್ ಉಷ್ಣಾಂಶ 850ರಿಂದ 900 ಡಿಗ್ರಿ ಒಳಗೆ ಇರಲಿ. 950 ದಾಟಿ ಹೋದರೆ ಬೂದಿ ಮೆತ್ತಗಾಗಿ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತದೆ. ಅದಕ್ಕೂ ನಾವು ಕ್ಲಿಂಕರ್ ಅಂತಲೇ ಹೇಳುತ್ತೇವೆ. ಪಕ್ಕದ ಕಿಲ್ನ್‌ನವರಿಗೆ ಅದು ಬೆಳೆ, ನಮಗೆ ಅದು ರೋಗ. ಬರುವ ಮೊದಲು ಗುರುತು ಸಿಗುತ್ತದೆ. ಬೆಡ್‌ನಲ್ಲಿ ಅಕ್ಕಪಕ್ಕ ಇರುವ ಎರಡು ಥರ್ಮೋಕಪಲ್ ನೋಡುತ್ತಿರಿ. ಒಂದು ಇಳಿಯುತ್ತಾ, ಪಕ್ಕದ್ದು ಏರುತ್ತಾ ಹೋದರೆ ಇಳಿದ ಕಡೆ ಬೆಡ್ ಆಡುತ್ತಿಲ್ಲ ಅಂತ ಅರ್ಥ. ಅಲ್ಲಿ ಗಾಳಿ ಹಾಯುತ್ತಿಲ್ಲ, ಗಡ್ಡೆ ಕಟ್ಟುತ್ತಿದೆ. ಆಗಲೇ ಆ ಕಡೆಯ ಕಲ್ಲಿದ್ದಲು ಕಡಿಮೆ ಮಾಡಿ, ಗಾಳಿ ಕೊಡಿ, ಬೆಡ್ ಬೂದಿ ಸ್ವಲ್ಪ ಇಳಿಸಿ. ಇಳಿಸುವಾಗ ಡ್ರೈನ್ ಪೈಪ್ ಎದುರಿಗೆ ಯಾರೂ ನಿಲ್ಲಬಾರದು. ಕಟ್ಟಿಕೊಂಡ ಪೈಪನ್ನು ಕೆಳಗಿನಿಂದ ಸರಳಲ್ಲಿ ಚುಚ್ಚಿದಾಗ ಒಮ್ಮೆಲೇ ಬಿಟ್ಟುಕೊಂಡರೆ 800 ಡಿಗ್ರಿಯ ಬೂದಿ ನೀರಿನ ಹಾಗೆ ಧಾರಾಕಾರ ಸುರಿಯುತ್ತದೆ. ಬೂದಿ ಅಂದರೆ ತಣ್ಣಗಿನ ವಸ್ತು ಅನ್ನುವ ಮನೆಯ ಕಲ್ಪನೆ ಇಲ್ಲಿ ಜೀವಕ್ಕೆ ಅಪಾಯ.

ತಣ್ಣಗಿನ ಬಾಯ್ಲರ್ ಹಚ್ಚುವಾಗ ಅವಸರ ಬೇಡ. ಎಎಫ್‌ಬಿಸಿ ಆದರೆ ಡೀಸೆಲ್‌ನಲ್ಲಿ ನೆನೆಸಿದ ಇದ್ದಿಲು ಹರಡಿ ಹಚ್ಚುತ್ತಾರೆ, ಸಿಎಫ್‌ಬಿಸಿ ಆದರೆ ಎಣ್ಣೆಯ ಬರ್ನರ್. ಯಾವುದಾದರೂ ಹಚ್ಚುವ ಮೊದಲು ಫ್ಯಾನ್ ಓಡಿಸಿ ಒಳಗಿನ ಹಳೆಯ ಗ್ಯಾಸ್ ಪೂರ್ತಿ ಹೊರಗೆ ಹಾಕಿ. ಮೊದಲ ಸಲ ಕಲ್ಲಿದ್ದಲು ಹಾಕಿದಾಗ ಕಣ್ಣು ಆಕ್ಸಿಜನ್ ಮೀಟರ್ ಮೇಲೆ ಇರಲಿ. ಅದು ಇಳಿದರೆ ಕಲ್ಲಿದ್ದಲು ಹತ್ತಿಕೊಂಡಿದೆ. ಇಳಿಯದಿದ್ದರೆ ಒಳಗೆ ಸುಮ್ನೆ ಬೀಳುತ್ತಿದೆ, ತಕ್ಷಣ ನಿಲ್ಲಿಸಿ. ಉರಿಯದೆ ಕೂಡಿದ ಕಲ್ಲಿದ್ದಲು ಒಟ್ಟಿಗೆ ಹತ್ತಿಕೊಂಡರೆ ಅದು ಸ್ಫೋಟ. ಡ್ರಮ್‌ನ (ಬಾಯ್ಲರ್ ಮೇಲೆ ನೀರು, ಹಬೆ ಬೇರೆಯಾಗುವ ತೊಟ್ಟಿ) ನೀರಿನ ಉಷ್ಣಾಂಶ ಗಂಟೆಗೆ 50 ಡಿಗ್ರಿ ಆಸುಪಾಸಿಗಿಂತ ಬೇಗ ಏರಿಸಬೇಡಿ, ಕಿಲ್ನ್‌ನವರು ಎಷ್ಟೇ ಸಲ ಫೋನ್ ಮಾಡಲಿ.

ಇನ್ನು ಡ್ರಮ್ ಲೆವೆಲ್. ನನ್ನ ಮೊದಲ ವರ್ಷದ ಒಂದು ರಾತ್ರಿ ಹೇಳುತ್ತೇನೆ. ಸಿ ಶಿಫ್ಟ್, ಎರಡು ಗಂಟೆ ದಾಟಿತ್ತು. ಸಿಮೆಂಟ್ ಮಿಲ್ ಇದ್ದಕ್ಕಿದ್ದಂತೆ ಟ್ರಿಪ್ ಆಯಿತು. ನಾಲ್ಕು ಮೆಗಾವ್ಯಾಟ್ ಒಂದೇ ಏಟಿಗೆ ಹೋಯಿತು. ಸ್ಕ್ರೀನ್ ಮೇಲೆ ಡ್ರಮ್ ಲೆವೆಲ್ ಸರ್ರನೆ ಕೆಳಗೆ ಇಳಿಯತೊಡಗಿತು. ಡ್ರಮ್ ಖಾಲಿ ಆದರೆ ಟ್ಯೂಬ್ ಸುಟ್ಟುಹೋಗುತ್ತದೆ ಅಂತ ಓದಿದ್ದೆ. ಕೈ ಸೀದಾ ಫೀಡ್ ವಾಟರ್ ವಾಲ್ವ್‌ಗೆ ಹೋಯಿತು. ಹಿಂದೆ ನಿಂತಿದ್ದ ಇನ್‌ಚಾರ್ಜ್ ನನ್ನ ಮಣಿಕಟ್ಟು ಹಿಡಿದರು. "ತಮ್ಮಾ, ಕೈ ಹಚ್ಚಬ್ಯಾಡ. ಅದು ಸುಳ್ಳು ಲೆವೆಲ್ ಅದ. ಒಂದ್ ನಿಮಿಷ ತಡಿ."

ಆ ಒಂದು ನಿಮಿಷ ನನಗೆ ಬಹಳ ಉದ್ದ ಅನಿಸಿತು. ಲೆವೆಲ್ ತಾನಾಗಿಯೇ ವಾಪಸ್ ಬಂತು.

ಆಗಿದ್ದು ಇಷ್ಟೇ. ಲೋಡ್ ಹೋದ ಕೂಡಲೇ ಟರ್ಬೈನ್ ಹಬೆ ತೆಗೆದುಕೊಳ್ಳುವುದು ಕಡಿಮೆ ಆಯಿತು, ಡ್ರಮ್‌ನಲ್ಲಿ ಒತ್ತಡ ಏರಿತು. ನೀರಿನೊಳಗಿನ ಹಬೆಯ ಗುಳ್ಳೆಗಳು ಅಮುಕಿಕೊಂಡು ಕುಗ್ಗಿದವು. ನೀರು ಅಷ್ಟೇ ಇದ್ದರೂ ಲೆವೆಲ್ ಇಳಿದ ಹಾಗೆ ಕಂಡಿತು. ಆಗ ನಾನು ನೀರು ತುಂಬಿದ್ದರೆ ಸ್ವಲ್ಪ ಹೊತ್ತಿಗೆ ಲೆವೆಲ್ ಮಿತಿ ಮೀರಿ ಮೇಲೆ ಹೋಗಿ, ಹಬೆಯ ಜೊತೆ ನೀರಿನ ಹನಿ ಟರ್ಬೈನ್‌ಗೆ ಹೋಗುತ್ತಿತ್ತು. ಬ್ಲೇಡ್ ಹಾಳಾದರೆ ತಿಂಗಳುಗಟ್ಟಲೆ ಮಷಿನ್ ನಿಲ್ಲುತ್ತದೆ. ಇದರ ಉಲ್ಟಾ ಕೂಡ ನೆನಪಿರಲಿ. ದೊಡ್ಡ ಮೋಟರ್ ಶುರು ಆದಾಗ ಒತ್ತಡ ಬೀಳುತ್ತದೆ, ಗುಳ್ಳೆ ಉಬ್ಬುತ್ತವೆ, ಲೆವೆಲ್ ಏರಿದ ಹಾಗೆ ಕಾಣುತ್ತದೆ. ಅದನ್ನು ನಂಬಿ ನೀರು ಕಡಿಮೆ ಮಾಡಿದರೆ ಎರಡು ನಿಮಿಷದಲ್ಲಿ ನಿಜವಾಗಿಯೂ ಖಾಲಿ ಆಗುತ್ತದೆ.

ಹಾಗಾಗಿ ಲೋಡ್ ಜಿಗಿದಾಗ ಲೆವೆಲ್ ಒಂದನ್ನೇ ನೋಡಬೇಡಿ. ಹಬೆ ಎಷ್ಟು ಹೋಗುತ್ತಿದೆ, ನೀರು ಎಷ್ಟು ಬರುತ್ತಿದೆ, ಎರಡೂ ಸಮ ಇದೆಯಾ ನೋಡಿ. ಮೊದಲು ಕಲ್ಲಿದ್ದಲು ಮತ್ತು ಗಾಳಿ ಸರಿಮಾಡಿ, ಒತ್ತಡ ಏರುತ್ತಲೇ ಇದ್ದರೆ ವೆಂಟ್ ಸ್ವಲ್ಪ ಬಿಡಿ. ಆಮೇಲೆ ಲೆವೆಲ್. ಲೆವೆಲ್, ಹಬೆ, ನೀರು ಮೂರನ್ನೂ ನೋಡುವ ಮೂರು ಅಂಶದ ಆಟೋ ಕಂಟ್ರೋಲ್ ಸರಿಯಾಗಿ ಟ್ಯೂನ್ ಆಗಿದ್ದರೆ ಈ ಕೆಲಸ ಅದೇ ಮಾಡುತ್ತದೆ, ನೀವು ಮ್ಯಾನುಯಲ್‌ಗೆ ಹಾಕಿ ಕೆಡಿಸದಿದ್ದರೆ ಸಾಕು. ಹಾಗಂತ ಲೆವೆಲ್ ತೀರಾ ಇಳಿದಾಗ ಬಾಯ್ಲರ್ ನಿಲ್ಲಿಸುವ ಲೋ-ಲೋ ಟ್ರಿಪ್ ಬೈಪಾಸ್ ಮಾಡುವ ಯೋಚನೆ ಯಾವತ್ತೂ ಬರಬಾರದು. ಗೇಜ್ ಗ್ಲಾಸ್‌ನಲ್ಲಿ ನೀರು ಕಾಣುತ್ತಲೇ ಇಲ್ಲ ಅಂದರೆ ಬೆಂಕಿ ತೆಗೆಯಿರಿ, ಆ ಸ್ಥಿತಿಯಲ್ಲಿ ನೀರು ನುಗ್ಗಿಸಬೇಡಿ.

ನೀರು

ನಮ್ಮ ಕಡೆಯ ನೆಲವೇ ಸುಣ್ಣದ ಕಲ್ಲು, ಸಿಮೆಂಟ್ ಫ್ಯಾಕ್ಟರಿ ಇಲ್ಲಿ ಇರುವುದೇ ಅದಕ್ಕೆ. ಅದೇ ಕಾರಣಕ್ಕೆ ಬೋರ್ ನೀರು ಗಡಸು. ಆರ್‌ಒ, ಆಮೇಲೆ ಮಿಕ್ಸ್‌ಡ್ ಬೆಡ್ ಅನ್ನುವ ರೆಸಿನ್ ತೊಟ್ಟಿ ದಾಟಿ ಬಂದ ಡಿಎಂ (ಲವಣ ತೆಗೆದ) ನೀರಿನ ಕಂಡಕ್ಟಿವಿಟಿ 0.2 ಮೈಕ್ರೊಸೀಮೆನ್ಸ್ ಒಳಗೆ, ಸಿಲಿಕಾ 0.02 ಪಿಪಿಎಂ ಒಳಗೆ ಇರಲಿ. ನೀರಿನಿಂದ ಗಾಳಿ ತೆಗೆಯುವ ಡಿಎಯರೇಟರ್ ಸರಿಯಾದ ಒತ್ತಡದಲ್ಲಿ ಇದೆಯಾ ನೋಡಿ, ನೀರಿನಲ್ಲಿ ಉಳಿದ ಆಕ್ಸಿಜನ್ ಟ್ಯೂಬನ್ನು ಒಳಗಿನಿಂದ ತಿನ್ನುತ್ತದೆ. ಲ್ಯಾಬ್‌ನ ಕೆಮಿಸ್ಟ್ ಬ್ಲೋಡೌನ್ ಕೊಡಿ, ಅಂದರೆ ಡ್ರಮ್‌ನ ನೀರು ಸ್ವಲ್ಪ ಹೊರಗೆ ಬಿಡಿ ಅಂದಾಗ ನೀರು ಪೋಲು ಅಂತ ಮುಂದೂಡಬೇಡಿ.

ಟರ್ಬೈನ್ ಮತ್ತು ಏಪ್ರಿಲ್-ಮೇ ಬಿಸಿಲು

ಹಲವು ಪ್ಲಾಂಟ್‌ಗಳಲ್ಲಿ ಹಬೆ ಚದರ ಸೆಂಟಿಮೀಟರ್‌ಗೆ 88 ಕೆಜಿ ಒತ್ತಡ, 515 ಡಿಗ್ರಿ ಹತ್ತಿರ ಬರುತ್ತದೆ. ಲೈನ್ ಬಿಸಿ ಮಾಡದೆ, ಡ್ರೈನ್ ಬಿಡದೆ ಹಬೆ ಕೊಟ್ಟರೆ ಪೈಪ್‌ನಲ್ಲಿ ನಿಂತ ನೀರು ಸುತ್ತಿಗೆಯಲ್ಲಿ ಬಡಿದ ಹಾಗೆ ಬಡಿಯುತ್ತದೆ. ಆ ಶಬ್ದ ಒಮ್ಮೆ ಕೇಳಿದವರು ಮತ್ತೆ ಡ್ರೈನ್ ಮರೆಯುವುದಿಲ್ಲ. ವೇಗ ಏರಿಸುವಾಗ ನಡುಕ ಜಾಸ್ತಿಯಾಗುವ ಕ್ರಿಟಿಕಲ್ ಸ್ಪೀಡ್ ಹತ್ತಿರ ನಿಲ್ಲಬೇಡಿ, ದಾಟಿ ಹೋಗಿ.

ಕಲಬುರಗಿಯಲ್ಲಿ ನೀರಿನ ಕೊರತೆ ಗೊತ್ತಲ್ವಾ, ಅದಕ್ಕೆ ಬಹಳ ಕಡೆ ಟರ್ಬೈನ್‌ನಿಂದ ಹೊರಬಂದ ಹಬೆಯನ್ನು ಗಾಳಿಯಲ್ಲೇ ಆರಿಸಿ ನೀರು ಮಾಡುವ ಏರ್ ಕೂಲ್ಡ್ ಕಂಡೆನ್ಸರ್ ಹಾಕಿರುತ್ತಾರೆ. ನೀರು ಉಳಿಯುತ್ತದೆ ನಿಜ, ಆದರೆ ಬಿಸಿಲಿನ ಕೈಗೆ ಸಿಕ್ಕಿಬೀಳುತ್ತೇವೆ. ಮೇ ತಿಂಗಳ ಮಧ್ಯಾಹ್ನ 42-43 ಡಿಗ್ರಿ ಇರುವಾಗ ವ್ಯಾಕ್ಯೂಮ್ ಇಳಿಯುತ್ತದೆ, ಅದೇ ಹಬೆಗೆ ಕಡಿಮೆ ಕರೆಂಟ್ ಬರುತ್ತದೆ. ಬಿಸಿಲನ್ನು ನಾವು ಏನೂ ಮಾಡಲಾಗದು. ಧೂಳನ್ನು ಮಾಡಬಹುದು. ಸಿಮೆಂಟ್ ಫ್ಯಾಕ್ಟರಿಯ ಧೂಳು ಫಿನ್‌ಗಳ ನಡುವೆ ಕೂತು, ಮೇಲೆ ಇಬ್ಬನಿಯೋ ಒಂದೆರಡು ಹನಿ ಮಳೆಯೋ ಬಿದ್ದರೆ ಗಾರೆ ಮೆತ್ತಿದ ಹಾಗೆ ಗಟ್ಟಿಯಾಗುತ್ತದೆ. ಮಾರ್ಚ್ ಮುಗಿಯುವ ಮೊದಲೇ ತೊಳೆಸಿ, ಮೇ ಮುಗಿಯುವವರೆಗೆ ಮತ್ತೆ ಮತ್ತೆ ತೊಳೆಸಿ. ಫಿನ್ ಮಡಚದಂಥ ಒತ್ತಡದಲ್ಲಿ ತೊಳೆಯಬೇಕು. ವ್ಯಾಕ್ಯೂಮ್ ರಾತ್ರಿಯೂ ಸುಧಾರಿಸದಿದ್ದರೆ ಕಾರಣ ಬಿಸಿಲಲ್ಲ, ಎಲ್ಲೋ ಗಾಳಿ ಒಳಗೆ ಸೋರುತ್ತಿದೆ. ಟರ್ಬೈನ್ ಶಾಫ್ಟ್ ಹೊರಬರುವ ಕಡೆಯ ಗ್ಲ್ಯಾಂಡ್ ಸೀಲ್‌ನಿಂದ ಹುಡುಕಲು ಶುರುಮಾಡಿ.

ಬೇಸಿಗೆಯ ಮಧ್ಯಾಹ್ನ ಎರಡರಿಂದ ಐದರವರೆಗೆ ಸಿಮೆಂಟ್ ಮಿಲ್ ನಿಲ್ಲಿಸಿ, ರಾತ್ರಿ ಓಡಿಸಿ ಅಂತ ಕಿಲ್ನ್ ಕಡೆಯವರ ಜೊತೆ ಮೊದಲೇ ಮಾತಾಡಿಕೊಂಡರೆ ಅರ್ಧ ಜಗಳ ತಪ್ಪುತ್ತದೆ. ಈಗೀಗ ಹಗಲಿಗೆ ಸೋಲಾರ್, ಜೊತೆಗೆ ಪ್ರೀಹೀಟರ್ ಮತ್ತು ಕೂಲರ್‌ನ ಬಿಸಿಗಾಳಿಯಿಂದ ಕರೆಂಟ್ ತೆಗೆಯುವ ಘಟಕಗಳೂ ಬಂದಿವೆ. ಹಾಗಿರುವ ಕಡೆ ನಮ್ಮ ಮಷಿನ್ ಹಗಲು ಇಳಿಸಿ ಸಂಜೆ ಏರಿಸಬೇಕಾಗುತ್ತದೆ. ಮೋಡ ಬಂದರೆ ಸೋಲಾರ್ ನಿಮಿಷಗಳಲ್ಲಿ ಬೀಳುತ್ತದೆ, ಬಾಯ್ಲರ್ ಅಷ್ಟು ಬೇಗ ಏರುವುದಿಲ್ಲ. ಕನಿಷ್ಠ ಲೋಡ್‌ನ ಅಂಚಿನಲ್ಲಿ ಓಡಿಸುತ್ತಾ ಕೂರುವುದಕ್ಕಿಂತ ಸ್ವಲ್ಪ ಜಾಗ ಇಟ್ಟುಕೊಳ್ಳಿ.

ಗ್ರಿಡ್ ಜೊತೆ ಸೇರುವುದು, ಬಿಡುವುದು

ಸಿಂಕ್ ಮಾಡುವಾಗ, ಅಂದರೆ ನಮ್ಮ ಮಷಿನ್ ಗ್ರಿಡ್‌ಗೆ ಜೋಡಿಸುವಾಗ, ವೋಲ್ಟೇಜ್ ಸಮ, ಫ್ರೀಕ್ವೆನ್ಸಿ ನಮ್ಮದು ಕೂದಲೆಳೆಯಷ್ಟು ಜಾಸ್ತಿ. ಸಿಂಕ್ರೊಸ್ಕೋಪ್ ಮುಳ್ಳು ಫಾಸ್ಟ್ ಕಡೆಗೆ ನಿಧಾನವಾಗಿ ತಿರುಗಬೇಕು. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಬ್ರೇಕರ್ ಕೊಡಿ, ಮುಚ್ಚುವಷ್ಟರಲ್ಲಿ ಸರಿಯಾಗಿ ಹನ್ನೆರಡಕ್ಕೆ ಬಂದಿರುತ್ತದೆ. ಜೋರಾಗಿ ತಿರುಗುತ್ತಿದ್ದರೆ ಬಿಡಿ, ಇನ್ನೊಂದು ಸುತ್ತು ಕಾಯಿರಿ.

ಸೇರಿದ ಮೇಲೆ ನಿಜವಾದ ಪರೀಕ್ಷೆ ಗ್ರಿಡ್ ಹೋದಾಗ. ಹೊರಗಿನ ಲೈನ್‌ನಲ್ಲಿ ಏನೋ ಆದರೆ ನಮ್ಮ ಸಣ್ಣ ಮಷಿನ್ ಊರಿಗೆಲ್ಲ ಕರೆಂಟ್ ಕೊಡಲು ಹೊರಡುತ್ತದೆ. ಅದಕ್ಕೆ ಮುಂಚೆ ಗ್ರಿಡ್‌ಗೆ ಜೋಡಿಸುವ ಟೈ ಬ್ರೇಕರ್ ತೆರೆದು ನಾವು ಬೇರೆಯಾಗಿ ದ್ವೀಪ ಆಗಬೇಕು. ಫ್ರೀಕ್ವೆನ್ಸಿ ಎಷ್ಟು ಬೇಗ ಬೀಳುತ್ತಿದೆ ಅಂತ ನೋಡುವ ರಿಲೇಗಳು ಕಣ್ಣು ಮಿಟುಕಿಸುವುದರೊಳಗೆ ಇದನ್ನು ಮಾಡುತ್ತವೆ, ಮನುಷ್ಯನ ಕೈ ಅಷ್ಟು ಬೇಗ ಆಡುವುದಿಲ್ಲ. ಹಾಗಾಗಿ ಆ ರಿಲೇಗಳ ಪರೀಕ್ಷೆ ಶಟ್‌ಡೌನ್‌ನಲ್ಲಿ ತಪ್ಪದೆ ಆಗಲಿ.

ಆಗ ನಾವು ಹೊರಗಿನಿಂದ 5 ಮೆಗಾವ್ಯಾಟ್ ತೆಗೆದುಕೊಳ್ಳುತ್ತಿದ್ದೆವು ಅಂದುಕೊಳ್ಳಿ. ಆ 5 ಇದ್ದಕ್ಕಿದ್ದಂತೆ ಮಷಿನ್ ತಲೆ ಮೇಲೆ ಬೀಳುತ್ತದೆ. ಫ್ರೀಕ್ವೆನ್ಸಿ 50ರಿಂದ ಜಾರುತ್ತದೆ. ಸಾಮಾನ್ಯವಾಗಿ 47.5 ಹರ್ಟ್ಸ್ ಆಸುಪಾಸಿಗೆ ಮಷಿನ್ ಟ್ರಿಪ್ ಸೆಟ್ ಮಾಡಿರುತ್ತಾರೆ. ಅದಕ್ಕೆ ಮುಂಚೆ ಅಷ್ಟು ಲೋಡ್ ಕಳಚಬೇಕು. ಯಾವುದನ್ನು? ಇಲ್ಲೇ ಕಿಲ್ನ್ ನೋಡಿ ಬಂದದ್ದು ಉಪಯೋಗಕ್ಕೆ ಬರುವುದು. ಮೊದಲು ಸಿಮೆಂಟ್ ಮಿಲ್, ಸೈಲೋದಲ್ಲಿ ಸ್ಟಾಕ್ ಇರುತ್ತದೆ, ಮೂರು ಗಂಟೆ ನಿಂತರೆ ಯಾರಿಗೂ ಏನೂ ಆಗುವುದಿಲ್ಲ. ಆಮೇಲೆ ಕ್ರಷರ್, ಪ್ಯಾಕಿಂಗ್. ಆಮೇಲೆ ರಾ ಮಿಲ್. ಕೋಲ್ ಮಿಲ್ ನಿಂತರೆ ಬಿನ್‌ನಲ್ಲಿರುವ ಪುಡಿಯಷ್ಟು ಹೊತ್ತು ಮಾತ್ರ ಕಿಲ್ನ್ ಉರಿಯುತ್ತದೆ, ಹಾಗಾಗಿ ಅದು ತಡವಾಗಿ. ಕಿಲ್ನ್ ಡ್ರೈವ್, ಹೊಗೆ ಎಳೆಯುವ ಐಡಿ ಫ್ಯಾನ್, ಕೂಲರ್ ಫ್ಯಾನ್ ಕೊನೆಗೆ, ಅಂದರೆ ಆದಷ್ಟು ಮಟ್ಟಿಗೆ ಯಾವತ್ತೂ ಇಲ್ಲ.

ಈ ಪಟ್ಟಿ ಪ್ಯಾನಲ್‌ನ ಒಳಗೆ ಪ್ರೋಗ್ರಾಂ ಆಗಿರುತ್ತದೆ. ತೊಂದರೆ ಏನೆಂದರೆ, ಪಟ್ಟಿಯಲ್ಲಿರುವ ಮಿಲ್ ಅವತ್ತು ಓಡದೇ ಇದ್ದರೆ ಅದನ್ನು ಕಳಚಿ ಏನೂ ಸಿಗುವುದಿಲ್ಲ. ಆದ್ದರಿಂದ ಶಿಫ್ಟ್ ಶುರುವಿನಲ್ಲಿ ಕಿಲ್ನ್ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಈಗ ಯಾವ ಮಿಲ್ ಓಡುತ್ತಿದೆ, ಯಾವುದು ನಿಲ್ಲಲಿದೆ ಕೇಳಿ, ನಮ್ಮ ಪಟ್ಟಿಗೆ ಹೋಲಿಸಿ ನೋಡಿ. ಎರಡು ನಿಮಿಷದ ಕೆಲಸ. ದೊಡ್ಡ ಮೋಟರ್ ಶುರು ಮಾಡುವ ಮೊದಲು ನಮಗೆ ಹೇಳಬೇಕು ಅಂತ ಅವರಿಗೂ ಅಭ್ಯಾಸ ಮಾಡಿಸಿ. ಟರ್ಬೈನ್ ವೇಗ ಹಿಡಿಯುವ ಗವರ್ನರ್ ಗ್ರಿಡ್ ಜೊತೆ ಇದ್ದಾಗ ಡ್ರೂಪ್‌ನಲ್ಲಿ (ಲೋಡ್ ಏರಿದಂತೆ ವೇಗ ಸ್ವಲ್ಪ ಇಳಿಯಬಿಡುವ ರೀತಿ) ಇರುತ್ತದೆ, ದ್ವೀಪ ಆದ ಮೇಲೆ ಐಸೊಕ್ರೋನಸ್‌ಗೆ (ವೇಗ ಒಂದೇ ಸಮ ಹಿಡಿಯುವ ರೀತಿ) ಬದಲಾಗಿದೆಯಾ ಸ್ಕ್ರೀನ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ.

ಬೂದಿ ನಮ್ಮದೇ ಸಿಮೆಂಟಿಗೆ ಹೋಗುತ್ತದೆ

450 ಟನ್ ಕಲ್ಲಿದ್ದಲಿನಲ್ಲಿ ಶೇಕಡ 35 ಬೂದಿ ಇದ್ದರೆ ದಿನಕ್ಕೆ 157 ಟನ್. ಬೇರೆ ಕಡೆ ಇದು ತಲೆನೋವು. ಇಲ್ಲಿ ಪಿಪಿಸಿ ಸಿಮೆಂಟಿಗೆ ಶೇಕಡ 15ರಿಂದ 35ರವರೆಗೆ ಹಾರುಬೂದಿ ಸೇರಿಸಬಹುದು, ಹಾಗಾಗಿ ನಮ್ಮ ಬೂದಿ ಸಾಲದೆ ರಾಯಚೂರಿನ ಶಕ್ತಿನಗರದಂಥ ದೊಡ್ಡ ಸ್ಥಾವರಗಳ ಬೂದಿಯನ್ನೂ ನೋಡಬೇಕಾಗುತ್ತದೆ. ಆದರೆ ಬೂದಿಯಲ್ಲಿ ಉರಿಯದ ಇಂಗಾಲ ಜಾಸ್ತಿ ಇದ್ದರೆ ಕ್ವಾಲಿಟಿ ಲ್ಯಾಬ್‌ನವರು ಬೇಡ ಅನ್ನುತ್ತಾರೆ, ಸುಟ್ಟಾಗ ಕಳೆಯುವ ತೂಕ ಶೇಕಡ 5 ಮೀರಬಾರದು. ಆ ಫೋನ್ ಬಂದರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಬಾಯ್ಲರ್ ಕಲ್ಲಿದ್ದಲು ಪೋಲು ಮಾಡುತ್ತಿದೆ ಅಂತ ಅವರು ಪುಕ್ಕಟೆಯಾಗಿ ಹೇಳಿದ ಹಾಗೆ. ಗಂಧಕ ಹಿಡಿಯಲು ಬೆಡ್‌ಗೆ ಸುಣ್ಣದ ಕಲ್ಲು ಹಾಕುತ್ತಿದ್ದರೆ, ಅದರಲ್ಲೂ ಪೆಟ್‌ಕೋಕ್ ಉರಿಸುವಾಗ, ಬೂದಿಯ ಗುಣ ಬದಲಾಗುತ್ತದೆ. ಲ್ಯಾಬ್ ಒಪ್ಪದೆ ಆ ಬೂದಿಯನ್ನು ಸೈಲೋಗೆ ಕಳಿಸಬೇಡಿ.

ಚಿಮಣಿಯ ಧೂಳಿನ ಮಿತಿ ಪ್ಲಾಂಟ್ ಯಾವಾಗ ಶುರು ಆಯಿತು ಅನ್ನುವುದರ ಮೇಲೆ ಇದೆ. 2015ರ ಅಧಿಸೂಚನೆಯ ಪ್ರಕಾರ 2004ರಿಂದ 2016ರೊಳಗಿನವಕ್ಕೆ ಘನ ಮೀಟರ್‌ಗೆ 50 ಮಿಲಿಗ್ರಾಂ, 2017ರಿಂದ ಈಚಿನವಕ್ಕೆ 30. ಹೊಗೆಯ ಧೂಳು ಹಿಡಿಯುವ ಇಎಸ್‌ಪಿಯ ಒಂದು ಫೀಲ್ಡ್ ಹೋದರೂ ಲಾಗ್‌ನಲ್ಲಿ ಬರೆದು ಎಲೆಕ್ಟ್ರಿಕಲ್‌ನವರಿಗೆ ಹೇಳಿ. ಆ ಹೊಗೆ ಬೀಳುವುದು ಪಕ್ಕದ ತೊಗರಿ ಹೊಲದ ಮೇಲೆ, ನಮ್ಮದೇ ಕಾಲೊನಿಯ ಬಟ್ಟೆ ಒಣಗಿಸುವ ಹಗ್ಗದ ಮೇಲೆ.

ಕುರ್ಚಿ ಬಿಡುವ ಮೊದಲು

ಶಿಫ್ಟ್ ಕೊಡುವಾಗ "ಎಲ್ಲ ನಾರ್ಮಲ್ ಅದ" ಅಂತ ಹೇಳಿ ಹೋಗುವ ಅಭ್ಯಾಸ ಎಲ್ಲ ಕಡೆ ಇದೆ. ಅದರ ಬದಲು ಮೂರು ವಿಷಯ ಬಾಯಿಬಿಟ್ಟು ಹೇಳಿ: ಯಾವ ಬಂಕರ್‌ನಲ್ಲಿ ಯಾವ ಮಾಲು ಇದೆ, ಏನನ್ನು ಮ್ಯಾನುಯಲ್‌ಗೆ ಹಾಕಿದ್ದೀರಿ, ಯಾವ ಅಲಾರಂ ಬಂದು ಹೋಗಿದೆ.

ಆಮೇಲೆ ಟರ್ಬೈನ್ ಹಾಲ್‌ಗೆ ಒಮ್ಮೆ ಇಳಿಯಿರಿ. ಟರ್ಬೈನ್ ರೋಟರ್‌ದೂ ಕಿಲ್ನ್‌ನದೇ ಕಥೆ. ಬಿಸಿ ಇರುವಾಗ ಸುಮ್ನೆ ನಿಂತರೆ ಬಾಗುತ್ತದೆ, ಅದಕ್ಕೇ ಮಷಿನ್ ನಿಂತ ಮೇಲೂ ಬ್ಯಾರಿಂಗ್ ಗೇರ್ ತಿರುಗಿಸುತ್ತಲೇ ಇರುತ್ತದೆ. ಇಡೀ ಪ್ಲಾಂಟ್ ಕತ್ತಲಾದರೆ ರೋಟರ್ ತಾನಾಗಿ ನಿಲ್ಲುವವರೆಗೆ ಬೇರಿಂಗ್‌ಗೆ ಎಣ್ಣೆ ಕೊಡುವುದು ಬ್ಯಾಟರಿಯ ಮೇಲೆ ಓಡುವ ಡಿಸಿ ಪಂಪ್ ಒಂದೇ. ಆ ಕೆಲವು ನಿಮಿಷ ಎಣ್ಣೆ ಇಲ್ಲದಿದ್ದರೆ ಬೇರಿಂಗ್‌ನ ಲೋಹ ಕರಗಿ ಹೋಗುತ್ತದೆ. ಪಂಪ್ ಪರೀಕ್ಷೆ ಆ ದಿನದ ಪಟ್ಟಿಯಲ್ಲಿದ್ದರೆ ಕಂಟ್ರೋಲ್ ರೂಮಿಗೆ ಹೇಳಿ, ಲೋಕಲ್ ಬಟನ್ ಒತ್ತಿ, ಮೋಟರ್ ಮೇಲೆ ಅಂಗೈ ಇಟ್ಟು ನಿಲ್ಲಿ. ಅದು ನಡುಗಿ ಓಡಬೇಕು, ಗೇಜ್‌ನಲ್ಲಿ ಒತ್ತಡ ಏರಬೇಕು. ಕೈಯಲ್ಲಿ ಗೊತ್ತಾದ ಮೇಲೆ ನಿಲ್ಲಿಸಿ, ಸ್ವಿಚ್ ಮತ್ತೆ ಆಟೋಗೆ ತಿರುಗಿಸಿ, ತಿರುಗಿಸಿದ್ದನ್ನು ಇನ್ನೊಮ್ಮೆ ನೋಡಿ. ಮೇಲೆ ಬಂದು ಸಮಯ ಬರೆದು ಸಹಿ ಹಾಕಿ, ಬಂದವರಿಗೆ ಕುರ್ಚಿ ಕೊಡಿ.